ಚಿತ್ರಸಂಯೋಜನೆಯಲ್ಲಿ ಸೂತ್ರಬಂಧ: ಬೆಂಗೇರಿಯ ಧ್ವಜದ ನಿದರ್ಶನ

೧. ವಿಷಯ ಪ್ರವೇಶ

ಚಲಚ್ಚಿತ್ರದ ತೆರೆಯ ಮೇಲೆ ಒಂದಾಗಿ ಕಾಣುವ ದೃಶ್ಯವು ಎಷ್ಟೋ ವೇಳೆ ಒಂದೇ ಸಲಕ್ಕೆ ಹಿಡಿದ ಚಿತ್ರವಾಗಿರುವುದಿಲ್ಲ. ನೆಲವೊಂದು ಕಡೆ, ಆಕಾಶವೊಂದು ಕಡೆ, ನಟರು ಮತ್ತೊಂದು ಕಡೆ ಚಿತ್ರಿತರಾಗಿ, ಗಣಕಯಂತ್ರದಲ್ಲಿ ನಿರ್ಮಿತವಾದ ವಸ್ತುಗಳೊಡನೆ ಕೂಡಿ, ಕಟ್ಟಕಡೆಗೆ ಏಕಚಿತ್ರದ ರೂಪವನ್ನು ತಾಳುತ್ತವೆ. ಈ ಕೂಡಿಸುವ ಕಾರ್ಯವೇ ಚಿತ್ರಸಂಯೋಜನೆ. ನಿಶ್ಚಲವಾದ ಭಾಗಗಳನ್ನು ಕೂಡಿಸುವುದು ಅಷ್ಟು ಕಠಿನವಲ್ಲ. ಬಣ್ಣ, ಬೆಳಕು, ಅಂಚು ಇವು ಹೊಂದಿದರೆ ಸಾಕು. ಭಾಗಗಳು ಚಲಿಸತೊಡಗಿದ ಕೂಡಲೆ ತೊಡಕು ಮೊದಲಾಗುತ್ತದೆ. ಒಂದು ಭಾಗದ ಚಲನೆಯು ಮತ್ತೊಂದರ ಚಲನೆಯೊಡನೆ ಹೊಂದದಿದ್ದರೆ, ನೋಡುವವನಿಗೆ ಕಾರಣವು ತಿಳಿಯದೆ ಹೋದರೂ, ಚಿತ್ರವು ಸುಳ್ಳೆಂಬ ಭಾವನೆ ಅವನ ಮನಸ್ಸಿನಲ್ಲಿ ಮೂಡಿಯೇ ತೀರುತ್ತದೆ.

ಈ ಹೊಂದಾಣಿಕೆಯನ್ನು ಸಾಧಿಸುವ ಬಗೆ ಯಾವುದೆಂಬುದೇ ಪ್ರಕೃತ ಲೇಖನದ ವಿಷಯ. ನಿದರ್ಶನಕ್ಕಾಗಿ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಸಿದ್ಧವಾಗುವ ರಾಷ್ಟ್ರಧ್ವಜವನ್ನು ಆರಿಸಿಕೊಳ್ಳಲಾಗಿದೆ. ಇದಕ್ಕೆ ಕಾರಣಗಳು ಎರಡು. ಧ್ವಜವು ಚಲಿಸುವ ವಸ್ತುವಾಗಿದ್ದು ಅದರ ಅಳತೆಗಳೆಲ್ಲ ನಿಯಮಬದ್ಧವಾಗಿರುವುದರಿಂದ ಸಂಯೋಜನೆಯಲ್ಲಿ ಬರುವ ತಪ್ಪನ್ನು ಅದರಲ್ಲಿ ಅಳೆದು ತೋರಿಸಬಹುದು, ಇದು ಮೊದಲನೆಯದು. ಅನೇಕ ಕೈಗಳ ಕೆಲಸವು ಒಂದೇ ಅಳತೆಗೆ ಒಳಪಟ್ಟು ಏಕವಸ್ತುವಾಗುವ ಕ್ರಮವು ಬೆಂಗೇರಿಯಲ್ಲಿ ಕಣ್ಣಿಗೆ ಕಾಣುವಂತಿದೆ, ಇದು ಎರಡನೆಯದು.

೨. ಗಂಟು ಮತ್ತು ಎಳೆ

ಗಣಕಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ಗಣಿತವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಎಂಬ ಇಬ್ಬರು ೧೯೮೪ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದರು. ಚಿತ್ರದ ಪ್ರತಿಯೊಂದು ಬಿಂದುವಿಗೂ ಬಣ್ಣದೊಡನೆ ಆವರಣದ ಪ್ರಮಾಣವೊಂದನ್ನು ಸೇರಿಸಿಟ್ಟರೆ, ಮೇಲಿನ ಚಿತ್ರವು ಕೆಳಗಿನದನ್ನು ಎಲ್ಲಿ ಎಷ್ಟು ಮುಚ್ಚುವುದೆಂಬುದು ಲೆಕ್ಕಕ್ಕೆ ದೊರೆಯುತ್ತದೆ ಎಂಬುದು ಅದರ ತಿರುಳು. ಇಂದಿನ ಸಂಯೋಜನ ತಂತ್ರಾಂಶಗಳು ಇದೇ ತಳಹದಿಯ ಮೇಲೆ ನಿಂತಿವೆ. ೧೯೯೩ರಲ್ಲಿ ಡಿಜಿಟಲ್ ಡೊಮೈನ್ ಎಂಬ ಅಮೆರಿಕದ ಚಿತ್ರಸಂಸ್ಥೆಯಲ್ಲಿ ಹುಟ್ಟಿದ ನ್ಯೂಕ್, ಅದರಂತೆಯೇ ಫ್ಯೂಷನ್, ಮುಕ್ತ ತಂತ್ರಾಂಶಗಳಾದ ನ್ಯಾಟ್ರಾನ್ ಮತ್ತು ಬ್ಲೆಂಡರ್ ಇವು ಪ್ರಸಿದ್ಧವಾದವು.

ಇವುಗಳಲ್ಲಿ ಪ್ರತಿಯೊಂದು ಕ್ರಿಯೆಯೂ ಒಂದು ಚಿಕ್ಕ ಪೆಟ್ಟಿಗೆಯಾಗಿ ತೋರುತ್ತದೆ. ಕಸಬಿನವರು ಇದನ್ನು ನೋಡ್ ಎನ್ನುತ್ತಾರೆ. ಇಲ್ಲಿ ಅದನ್ನು ಗಂಟು ಎಂದು ಕರೆಯಲಾಗುವುದು. ಒಂದು ಗಂಟು ಚಿತ್ರವನ್ನು ಓದಿ ತರುತ್ತದೆ, ಒಂದು ಬಣ್ಣವನ್ನು ತಿದ್ದುತ್ತದೆ, ಒಂದು ಸ್ಥಾನವನ್ನು ಬದಲಿಸುತ್ತದೆ, ಮತ್ತೊಂದು ಎರಡು ಚಿತ್ರಗಳನ್ನು ಕೂಡಿಸುತ್ತದೆ. ಗಂಟಿನಿಂದ ಗಂಟಿಗೆ ಎಳೆಗಳು ಹರಿದು ಚಿತ್ರವು ಮುಂದಕ್ಕೆ ಸಾಗುತ್ತದೆ. ಪ್ರತಿಯೊಂದು ಗಂಟಿನಲ್ಲಿಯೂ ಸ್ಥಾನ, ಗಾತ್ರ, ಕೋನ ಮುಂತಾದ ಬೆಲೆಗಳಿರುತ್ತವೆ. ಇಂಥ ಬೆಲೆಯನ್ನು ಕೆಲವು ಫ್ರೇಮುಗಳಲ್ಲಿ ಗೊತ್ತುಪಡಿಸಿದರೆ, ನಡುವಣ ಫ್ರೇಮುಗಳ ಬೆಲೆಯನ್ನು ಗಣಕವು ತಾನೇ ತುಂಬಿಕೊಳ್ಳುತ್ತದೆ. ಹೀಗೆ ಗೊತ್ತುಪಡಿಸಿದ ಫ್ರೇಮಿಗೆ ಕೀಫ್ರೇಮ್ ಎಂದು ಹೆಸರು. ಒಂದು ಗಂಟಿನ ಚಲನೆಗೆ ಇಷ್ಟೇ ಸಾಕು. ಹತ್ತು ಗಂಟುಗಳು ಒಂದೇ ಕಾರಣದಿಂದ ಚಲಿಸಬೇಕಾದಾಗ ಇಷ್ಟು ಸಾಲದು.

೩. ಬೆಂಗೇರಿಯ ಕ್ರಮ

ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ೧೯೫೭ರ ನವೆಂಬರ್ ೧ರಂದು ಗಾಂಧೀಮಾರ್ಗದವರಿಂದ ಸ್ಥಾಪಿತವಾಯಿತು. ಬೆಂಗೇರಿಯಲ್ಲಿರುವ ಇದರ ಧ್ವಜವಿಭಾಗವು ಭಾರತೀಯ ಮಾನಕ ಸಂಸ್ಥೆಯ ಮುದ್ರೆಯುಳ್ಳ ಖಾದಿಧ್ವಜಗಳಿಗಾಗಿ ದೇಶದಲ್ಲೆಲ್ಲ ಹೆಸರಾಗಿದೆ. ನೂಲುವುದು, ನೇಯುವುದು, ಬಣ್ಣ ಹಾಕುವುದು, ಬಿಳಿಯ ಪಟ್ಟಿಯ ಮೇಲೆ ಚಕ್ರವನ್ನು ಮುದ್ರಿಸುವುದು, ಪಟ್ಟಿಗಳನ್ನು ಜೋಡಿಸಿ ಹೊಲಿಯುವುದು, ಹಗ್ಗ ಮತ್ತು ಗುಬ್ಬಿಗಳನ್ನು ಕಟ್ಟುವುದು, ಹೀಗೆ ಕೆಲಸವು ಹಂತಹಂತವಾಗಿ ಸಾಗುತ್ತದೆ. ಕೆಲಸಗಾರರಲ್ಲಿ ಬಹುಮಂದಿ ಸ್ತ್ರೀಯರು. ಬಟ್ಟೆಯ ನೇಯ್ಗೆ ಬಾಗಲಕೋಟೆಯ ಕಡೆಯ ತುಳಸಿಗೇರಿಯಲ್ಲಿ ನಡೆದರೆ ಹೊಲಿಗೆಯು ಬೆಂಗೇರಿಯಲ್ಲಿ ನಡೆಯುತ್ತದೆ. ನೇಯುವವರೂ ಹೊಲಿಯುವವರೂ ಪರಸ್ಪರ ಮುಖ ನೋಡದಿದ್ದರೂ ಧ್ವಜದ ಭಾಗಗಳು ಹೊಂದಿಕೊಳ್ಳುತ್ತವೆ.

ಇದು ಸಾಧ್ಯವಾಗುವ ಬಗೆ ಸರಳವಾದುದು. ಪ್ರತಿಯೊಂದು ಹಂತದವರೂ ತಮ್ಮ ಹಿಂದಿನ ಹಂತದವರ ಕೆಲಸವನ್ನು ನೋಡಿ ಅಳತೆಯನ್ನು ಊಹಿಸುವುದಿಲ್ಲ. ಎಲ್ಲರೂ ಒಂದೇ ಮಾನಕವನ್ನು ನೋಡುತ್ತಾರೆ. ಈ ಮಾನಕವು ೧೯೫೧ರಲ್ಲಿ ಮೊದಲು ಪ್ರಕಟವಾಗಿ ೧೯೬೪ ಮತ್ತು ೧೯೬೮ರಲ್ಲಿ ಪರಿಷ್ಕೃತವಾಯಿತು. ಹಿಂದಿನವರನ್ನು ನೋಡಿ ಅಳೆಯುವ ಪದ್ಧತಿಯಿದ್ದಿದ್ದರೆ ಮೊದಲಿನವರ ಒಂದು ಕೂದಲೆಳೆಯ ತಪ್ಪು ಕಡೆಯವರಲ್ಲಿ ಬೆರಳಗಲವಾಗುತ್ತಿತ್ತು. ಸಂಯೋಜನೆಯ ಗಂಟುಗಳಿಗೂ ಇದೇ ಮಾತು ಸಲ್ಲುತ್ತದೆ.

೪. ಒಂದು ದೃಶ್ಯ, ಐದು ಚಲನೆಗಳು

ಜನವರಿ ೨೬ರಂದು ಶಾಲೆಯ ಬಯಲಿನಲ್ಲಿ ಧ್ವಜವನ್ನು ಅನಾವರಣಗೊಳಿಸುವ ದೃಶ್ಯವನ್ನು ಭಾವಿಸಬಹುದು. ಮಡಿಸಿ ಕಟ್ಟಿದ ಧ್ವಜವು ಸ್ತಂಭದ ತುದಿಯಲ್ಲಿದೆ. ಹಗ್ಗವನ್ನು ಎಳೆದೊಡನೆ ಧ್ವಜವು ಬಿಚ್ಚಿಕೊಳ್ಳುತ್ತದೆ. ಒಳಗಿದ್ದ ಹೂವಿನ ಪಕಳೆಗಳು ಉದುರುತ್ತವೆ. ನೆಲದ ಮೇಲೆ ಧ್ವಜದ ನೆರಳು ಹರಡುತ್ತದೆ. ಗಾಳಿಗೆ ಬಟ್ಟೆಯು ಅಲೆಯಾಡುತ್ತದೆ. ಬಯಲೂ ಜನರೂ ನಿಜವಾಗಿ ಚಿತ್ರಿತವಾದವು. ಧ್ವಜ, ಪಕಳೆ, ನೆರಳು ಇವು ಗಣಕದಲ್ಲಿ ನಿರ್ಮಿತವಾದವು. ಇದಲ್ಲದೆ ಚಕ್ರದ ನೀಲಿಯನ್ನು ಮಾತ್ರ ಪ್ರತ್ಯೇಕವಾಗಿ ತಿದ್ದಬೇಕಾಗಿರುವುದರಿಂದ ಚಕ್ರದ ಆಕಾರದ ಮರೆಯೊಂದು ಬೇರೆ ಕವಲಿನಲ್ಲಿ ಸಾಗುತ್ತದೆ.

ಚಿತ್ರದ ಗತಿಯು ಸೆಕೆಂಡಿಗೆ ೨೪ ಫ್ರೇಮುಗಳೆಂದೂ, ಧ್ವಜವು ಬಿಚ್ಚುವುದು ೧೨೦ನೆಯ ಫ್ರೇಮಿನಲ್ಲೆಂದೂ, ಪಕಳೆಗಳು ಉದುರತೊಡಗುವುದು ೧೨೪ರಲ್ಲೆಂದೂ, ಧ್ವಜವು ಪೂರ್ಣವಾಗಿ ತೆರೆಯುವುದು ೧೫೦ರಲ್ಲೆಂದೂ ಇಟ್ಟುಕೊಳ್ಳಬಹುದು. ಕೆಲಸಗಾರನು ಬಟ್ಟೆ, ಮರೆ, ನೆರಳು, ಪಕಳೆ, ಬೆಳಕು ಎಂಬ ಐದು ಗಂಟುಗಳಲ್ಲಿಯೂ ಬೇರೆ ಬೇರೆಯಾಗಿ ಕೀಫ್ರೇಮುಗಳನ್ನು ಇಟ್ಟು ದೃಶ್ಯವನ್ನು ಸರಿಪಡಿಸಿದನೆನ್ನೋಣ. ನಿರ್ದೇಶಕನು ನೋಡಿ, ವಾದ್ಯದ ಪೆಟ್ಟಿಗೆ ಸರಿಯಾಗಿ ಧ್ವಜವು ಹತ್ತು ಫ್ರೇಮು ಮೊದಲೇ ಬಿಚ್ಚಬೇಕೆನ್ನುತ್ತಾನೆ. ಈಗ ಐದು ಕಡೆಗಳಲ್ಲಿ ತಿದ್ದುಪಡಿಯಾಗಬೇಕು. ನೆರಳೊಂದನ್ನು ಮರೆತರೆ, ಧ್ವಜವು ತೆರೆದು ಐದರಲ್ಲಿ ಎರಡು ಸೆಕೆಂಡು ಕಳೆದ ಮೇಲೆ ನೆರಳು ಹರಡುತ್ತದೆ. ಮರೆಯನ್ನು ಮರೆತರೆ, ನೀಲಿಯ ತಿದ್ದುಪಡಿ ಚಕ್ರದ ಮೇಲೆ ಕೂಡದೆ ಬಿಳಿಯ ಪಟ್ಟಿಯ ಮೇಲೆ ಕಲೆಯಾಗಿ ಕೂಡುತ್ತದೆ. ತಿದ್ದುಪಡಿಯು ಒಂದೇ ಸಲಕ್ಕೆ ಮುಗಿಯುವುದೂ ಅಪೂರ್ವ. ಪ್ರತಿಸಲವೂ ಐದು ಕಡೆ ತಪ್ಪಲು ಎಡೆಯಿರುತ್ತದೆ.

೫. ಹೊಂದಿಸುವ ಮೂರು ಬಗೆಗಳು

ಮೊದಲನೆಯ ಬಗೆಯು ಕೂಡಿಸಿ ಚಲಿಸುವುದು. ಎರಡು ಭಾಗಗಳ ಚಲನೆ ಸರ್ವಥಾ ಒಂದೇ ಆಗಿದ್ದರೆ, ಅವನ್ನು ಮೊದಲು ಕೂಡಿಸಿ, ಕೂಡಿದ ಚಿತ್ರವನ್ನು ಒಂದೇ ಅಲೆಗಂಟಿನ ಮೂಲಕ ಹಾಯಿಸುವುದು ಉತ್ತಮ. ಚಕ್ರವನ್ನು ಮೂರು ಬಣ್ಣದ ಪಟ್ಟಿಗಳೊಡನೆ ಮೊದಲೇ ಸೇರಿಸಿ ಆಮೇಲೆ ಅಲೆಯಾಡಿಸಿದರೆ, ಚಕ್ರವು ಬಟ್ಟೆಯಿಂದ ಜಾರುವ ಪ್ರಶ್ನೆಯೇ ಹುಟ್ಟುವುದಿಲ್ಲ. ಬೆಂಗೇರಿಯಲ್ಲಿಯೂ ಚಕ್ರವು ಬಿಳಿಯ ಬಟ್ಟೆಯ ಮೇಲೆ ಮುದ್ರಿತವಾದ ತರುವಾಯವೇ ಹೊಲಿಗೆ ನಡೆಯುತ್ತದೆ. ಎಷ್ಟೋ ತೊಡಕಾದ ಸೂತ್ರಗಳು ಗಂಟುಗಳ ಅನುಕ್ರಮವನ್ನು ಸರಿಪಡಿಸಿದ ಮಾತ್ರದಿಂದಲೇ ಅನಾವಶ್ಯಕವಾಗುತ್ತವೆ. ಆದುದರಿಂದ ಹೊಸಬರು ಮೊದಲು ಪರೀಕ್ಷಿಸಬೇಕಾದುದು ಇದನ್ನೇ.

ಎರಡನೆಯ ಬಗೆಯು ಜೋಡಿಗಂಟು. ಚಕ್ರದ ಮರೆಯು ಬೇರೆ ಕವಲಿನಲ್ಲಿರುವುದರಿಂದ ಅದಕ್ಕೆ ಬೇರೆ ಅಲೆಗಂಟು ಬೇಕು. ಆದರೆ ಅದರ ಬೆಲೆಗಳೆಲ್ಲ ಬಟ್ಟೆಯ ಅಲೆಗಂಟಿನ ಬೆಲೆಗಳೇ ಆಗಿರಬೇಕು. ಇಂಥಲ್ಲಿ ನ್ಯೂಕ್ ತಂತ್ರಾಂಶವು ಕ್ಲೋನ್ ಎಂಬ ಸೌಕರ್ಯವನ್ನು ಒದಗಿಸುತ್ತದೆ. ಎರಡು ಗಂಟುಗಳು ಒಂದೇ ಜೀವದ ಎರಡು ದೇಹಗಳಂತೆ ಇದ್ದು, ಒಂದರಲ್ಲಿ ಮಾಡಿದ ಬದಲಾವಣೆ ಮತ್ತೊಂದರಲ್ಲಿ ತಾನಾಗಿಯೇ ಆಗುತ್ತದೆ. ಜೋಡಿಗೂ ನಕಲಿಗೂ ಇರುವ ಅಂತರವನ್ನು ಮರೆಯಲಾಗದು: ನಕಲು ಮಾಡಿದ ಗಂಟು ನಕಲಾದ ಕ್ಷಣದಲ್ಲಿ ಮಾತ್ರ ಸಮಾನ, ಜೋಡಿಯು ಎಂದೆಂದಿಗೂ ಸಮಾನ.

ಮೂರನೆಯ ಬಗೆಯು ಸೂತ್ರಬಂಧ. ಚಲನೆಗಳು ಒಂದೇ ಕಾರಣದಿಂದ ಹುಟ್ಟಿದರೂ ಒಂದೇ ರೂಪದಲ್ಲಿ ಇಲ್ಲದಿರುವಾಗ ಇದು ಬೇಕಾಗುತ್ತದೆ. ಪಕಳೆಗಳು ಧ್ವಜದೊಡನೆ ಚಲಿಸುವುದಿಲ್ಲ. ಧ್ವಜವು ಬಿಚ್ಚಿದ ನಾಲ್ಕು ಫ್ರೇಮುಗಳ ಮೇಲೆ ಉದುರತೊಡಗುತ್ತವೆ. ಈ ಸಂಬಂಧವನ್ನೇ ಸಂಖ್ಯಾರೂಪದಲ್ಲಿ ಬರೆಯಬಹುದು. ಚಿತ್ರವನ್ನು ಏನೂ ಮಾಡದೆ ಬೆಲೆಗಳನ್ನು ಮಾತ್ರ ಹೊತ್ತಿರುವ ಒಂದು ಗಂಟನ್ನು ಸ್ಥಾಪಿಸಿ, ಅದರಲ್ಲಿ ಬಿಚ್ಚುವ ಕ್ಷಣ ಎಂಬ ಬೆಲೆಯನ್ನು ೧೨೦ ಎಂದು ಬರೆದಿಡಬೇಕು. ಪಕಳೆಯ ಗಂಟಿನಲ್ಲಿ ೧೨೪ ಎಂದು ಬರೆಯದೆ, ಬಿಚ್ಚುವ ಕ್ಷಣಕ್ಕೆ ೪ನ್ನು ಕೂಡಿಸು ಎಂದು ಬರೆಯಬೇಕು. ಪೂರ್ಣವಾಗಿ ತೆರೆಯುವುದಕ್ಕೆ ೩೦ನ್ನು ಕೂಡಿಸು ಎಂದು ಬರೆಯಬೇಕು. ನೆರಳಿಗೆ ಏನನ್ನೂ ಕೂಡಿಸಬೇಕಾದುದಿಲ್ಲ. ಬೆಳಕಿಗೆ ಕಣ್ಣಿಗೆ ಕಾಣುವಷ್ಟು ವಿಳಂಬವಿಲ್ಲ. ಈಗ ನಿರ್ದೇಶಕನ ಇಚ್ಛೆಯಂತೆ ೧೨೦ನ್ನು ೧೧೦ ಮಾಡಿದರೆ ಪಕಳೆ ೧೧೪ಕ್ಕೂ ಪೂರ್ಣವಿಕಾಸ ೧೪೦ಕ್ಕೂ ತಾವಾಗಿಯೇ ಸರಿಯುತ್ತವೆ.

ಗೊಂಬೆಯಾಟದಲ್ಲಿ ದಾರಗಳೆಲ್ಲ ಒಬ್ಬನ ಕೈಯಲ್ಲಿರುವಂತೆ ಇಲ್ಲಿ ಬೆಲೆಗಳೆಲ್ಲ ಒಂದು ಗಂಟಿನಲ್ಲಿರುವುದರಿಂದ ಅದನ್ನು ಸೂತ್ರಧಾರ ಗಂಟೆಂದು ಕರೆಯುವುದು ಯುಕ್ತವಾಗಿದೆ. ನ್ಯೂಕ್‌ನಲ್ಲಿ ಇದಕ್ಕೆ ನೋ-ಆಪ್ ಎಂಬ ಗಂಟನ್ನು ಬಳಸುವ ರೂಢಿಯಿದೆ. ಫ್ಯೂಷನ್‌ನಲ್ಲಿ ಒಂದು ಬೆಲೆಯನ್ನು ಪಬ್ಲಿಶ್ ಮಾಡಿ ಉಳಿದವನ್ನು ಅದಕ್ಕೆ ಕಟ್ಟಬಹುದು. ಬ್ಲೆಂಡರ್‌ನಲ್ಲಿ ಇಂಥ ಕಟ್ಟಿಗೆ ಡ್ರೈವರ್ ಎಂದು ಹೆಸರು. ಹೆಸರುಗಳು ಬೇರೆ, ತತ್ತ್ವವೊಂದೇ.

೬. ವಿಳಂಬ ಮತ್ತು ಪ್ರಮಾಣ

ಗಾಳಿಯ ಅಲೆಯು ಸ್ತಂಭದ ಬಳಿ ಹುಟ್ಟಿ ಹೊರತುದಿಯ ಕಡೆಗೆ ಸಾಗುತ್ತದೆ. ತೆರೆಯ ಮೇಲೆ ಧ್ವಜವು ೧೮೦೦ ಬಿಂದು ಉದ್ದ, ೧೨೦೦ ಬಿಂದು ಎತ್ತರವಿದ್ದು, ಅಲೆಯು ಅದನ್ನು ೩೬ ಫ್ರೇಮುಗಳಲ್ಲಿ ದಾಟುವುದಾದರೆ, ಅಲೆಯ ವೇಗ ಫ್ರೇಮಿಗೆ ೫೦ ಬಿಂದುಗಳಾಯಿತು. ಚಕ್ರದ ಕೇಂದ್ರವು ಸ್ತಂಭದಿಂದ ೯೦೦ ಬಿಂದು ದೂರದಲ್ಲಿರುವುದರಿಂದ, ಸ್ತಂಭದ ಬಳಿಯಿರುವ ಅಲೆಯು ಅಲ್ಲಿಗೆ ಮುಟ್ಟುವುದು ೧೮ ಫ್ರೇಮುಗಳ ಮೇಲೆ. ಚಕ್ರದ ಮೇಲೆ ಸರಿದಾಡುವ ಹೊಳಪನ್ನು ಬೇರೆ ಗಂಟಿನಿಂದ ಮಾಡಬೇಕಾದರೆ, ಆ ಗಂಟು ಸೂತ್ರಧಾರನ ಈಗಿನ ಬೆಲೆಯನ್ನು ಓದದೆ ೧೮ ಫ್ರೇಮು ಹಿಂದಿನ ಬೆಲೆಯನ್ನು ಓದಬೇಕು. ತಂತ್ರಾಂಶಗಳಲ್ಲಿ ಹೀಗೆ ಹಿಂದಿನ ಕ್ಷಣದ ಬೆಲೆಯನ್ನು ಕೇಳಿ ಪಡೆಯಲು ಅವಕಾಶವಿದೆ. ಈ ೧೮ನ್ನೂ ಅಂಕಿಯಾಗಿ ಬರೆಯದೆ, ದೂರವನ್ನು ವೇಗದಿಂದ ಭಾಗಿಸು ಎಂದು ಬರೆಯುವುದು ಜಾಣತನ. ಗಾಳಿಯು ಬಿರುಸಾಗಿ ಅಲೆಯು ೨೪ ಫ್ರೇಮುಗಳಲ್ಲಿ ದಾಟುವಂತಾದರೆ, ವೇಗ ೭೫ ಆಗಿ ವಿಳಂಬವು ತಾನೇ ೧೨ಕ್ಕೆ ಇಳಿಯುತ್ತದೆ.

ಅಲೆಯ ಎತ್ತರವೂ ಎಲ್ಲೆಡೆಯಲ್ಲಿ ಸಮನಾಗಿರದು. ಸ್ತಂಭಕ್ಕೆ ಕಟ್ಟಿದ ಅಂಚು ಅಲುಗದು. ಹೊರತುದಿಯು ಅತಿಶಯವಾಗಿ ಅಲುಗುತ್ತದೆ. ದೂರಕ್ಕೆ ಅನುಗುಣವಾಗಿ ಎತ್ತರವನ್ನು ಹೆಚ್ಚಿಸಿದರೆ ಚಕ್ರದ ಬಳಿ ಅದು ತುದಿಯ ಅರ್ಧದಷ್ಟಿರುತ್ತದೆ. ಈ ಎತ್ತರವನ್ನು ಬಿಂದುಗಳಲ್ಲಿ ಹೇಳದೆ ಧ್ವಜದ ಎತ್ತರದ ಭಾಗವಾಗಿ ಹೇಳಬೇಕು. ಇಲ್ಲದಿದ್ದರೆ ಚಿತ್ರದ ಸೂಕ್ಷ್ಮತೆಯನ್ನು ಇಮ್ಮಡಿಗೊಳಿಸಿದಾಗ ಧ್ವಜವು ಬೆಳೆದು ಅಲೆಯು ಹಿಂದಿನಷ್ಟೇ ಉಳಿಯುತ್ತದೆ.

೭. ಸೂತ್ರವು ಸುಳ್ಳಾಗುವ ಸ್ಥಳ

ಪ್ರಮಾಣದ ವಿಷಯದಲ್ಲಿ ಧ್ವಜದ ಮಾನಕವೇ ಒಂದು ಪಾಠವನ್ನು ಕಲಿಸುತ್ತದೆ. ಧ್ವಜದ ಉದ್ದಕ್ಕೂ ಎತ್ತರಕ್ಕೂ ಇರುವ ಪ್ರಮಾಣ ೩:೨. ಗಾತ್ರಗಳು ಒಂಬತ್ತು, ದೊಡ್ಡದು ೬೩೦೦ ಮಿಲಿಮೀಟರ್ ಉದ್ದ, ೪೨೦೦ ಎತ್ತರ, ಚಿಕ್ಕದು ೧೫೦ ಉದ್ದ, ೧೦೦ ಎತ್ತರ. ಚಕ್ರದ ವ್ಯಾಸವು ೪೨೦೦ರ ಎತ್ತರಕ್ಕೆ ೧೨೯೫, ೨೪೦೦ಕ್ಕೆ ೭೪೦, ೧೮೦೦ಕ್ಕೆ ೫೫೫, ೧೨೦೦ಕ್ಕೆ ೩೭೦, ೬೦೦ಕ್ಕೆ ೧೮೫. ಇವೈದರಲ್ಲಿಯೂ ವ್ಯಾಸವು ಎತ್ತರದ ೧೨೦ರಲ್ಲಿ ೩೭ ಪಾಲು. ಒಂದು ಮಿಲಿಮೀಟರ್ ಕೂಡ ಹೆಚ್ಚುಕಡಮೆಯಿಲ್ಲ. ಇದನ್ನು ಕಂಡವನು ಎತ್ತರವನ್ನು ೩೭ರಿಂದ ಗುಣಿಸಿ ೧೨೦ರಿಂದ ಭಾಗಿಸುವ ಸೂತ್ರವನ್ನು ಸಂತೋಷದಿಂದ ಬರೆದುಬಿಡುತ್ತಾನೆ.

ಉಳಿದ ನಾಲ್ಕು ಗಾತ್ರಗಳಲ್ಲಿ ಈ ಸೂತ್ರವು ನಿಲ್ಲುವುದಿಲ್ಲ. ೯೦೦ರ ಎತ್ತರಕ್ಕೆ ಸೂತ್ರವು ಕೊಡುವುದು ೨೭೭.೫, ಮಾನಕದಲ್ಲಿರುವುದು ೨೮೦. ೩೦೦ಕ್ಕೆ ಸೂತ್ರದಂತೆ ೯೨.೫, ಮಾನಕದಂತೆ ೯೦. ಇವೆರಡನ್ನೂ ಪೂರ್ಣಾಂಕಕ್ಕೆ ಒಯ್ದ ಅಲ್ಪ ವ್ಯತ್ಯಾಸವೆನ್ನಬಹುದು. ಆದರೆ ೧೫೦ರ ಎತ್ತರಕ್ಕೆ ಸೂತ್ರವು ೪೬.೨೫ ಎನ್ನುವಲ್ಲಿ ಮಾನಕವು ೪೦ ಎನ್ನುತ್ತದೆ. ೧೦೦ಕ್ಕೆ ಸೂತ್ರವು ಸುಮಾರು ೩೦.೮ ಎನ್ನುವಲ್ಲಿ ಮಾನಕವು ೨೫ ಎನ್ನುತ್ತದೆ. ಮೇಜಿನ ಮೇಲಿಡುವ ಚಿಕ್ಕ ಧ್ವಜದಲ್ಲಿ ಚಕ್ರವು ಎತ್ತರದ ಕಾಲುಭಾಗ ಮಾತ್ರ. ದೊಡ್ಡ ಧ್ವಜದ ಸೂತ್ರವನ್ನೇ ಇದಕ್ಕೂ ಕಟ್ಟಿದರೆ ಚಕ್ರವು ಐದರಲ್ಲಿ ಒಂದು ಪಾಲಿಗಿಂತಲೂ ಹೆಚ್ಚಾಗಿ ಉಬ್ಬಿ ತೋರುತ್ತದೆ. ಇಂಥಲ್ಲಿ ಸೂತ್ರವನ್ನು ಬಿಟ್ಟು, ಒಂಬತ್ತು ಬೆಲೆಗಳ ಪಟ್ಟಿಯನ್ನೇ ಸೂತ್ರಧಾರ ಗಂಟಿನಲ್ಲಿಟ್ಟು ಅದರಿಂದ ಓದಿಕೊಳ್ಳಬೇಕು. ಎರಡು ಬೆಲೆಗಳು ಕೆಲವೆಡೆ ಜೊತೆಯಾಗಿ ನಡೆದ ಮಾತ್ರಕ್ಕೆ ಎಲ್ಲೆಡೆಯೂ ಹಾಗೆಯೇ ನಡೆಯುವುವೆಂದು ನಂಬುವುದು ಸೂತ್ರಬಂಧದ ಮೊದಲ ಅಪಾಯ.

ಚಕ್ರದ ಅರಗಳು ಮತ್ತೊಂದು ಅಪಾಯವನ್ನು ತೋರಿಸುತ್ತವೆ. ಧ್ವಜದಲ್ಲಿ ಚಕ್ರವು ತಿರುಗುವುದಿಲ್ಲ. ಚಿತ್ರಗಳ ಆರಂಭದಲ್ಲಿ ಮಾತ್ರ ಅದನ್ನು ಬೇರ್ಪಡಿಸಿ ತಿರುಗಿಸಿ ತೋರಿಸುವುದುಂಟು. ಅರಗಳು ೨೪, ಎರಡು ಅರಗಳ ನಡುವಣ ಕೋನ ೧೫ ಅಂಶ. ಸೆಕೆಂಡಿಗೆ ಒಂದು ಸುತ್ತಿನಂತೆ, ೨೪ ಫ್ರೇಮುಗಳ ಗತಿಯಲ್ಲಿ ಅದನ್ನು ತಿರುಗಿಸಿದರೆ ಫ್ರೇಮಿಗೆ ಸರಿಯಾಗಿ ೧೫ ಅಂಶವಾಗುತ್ತದೆ. ಒಂದು ಅರವಿದ್ದಲ್ಲಿಗೆ ಇನ್ನೊಂದು ಅರವು ಬಂದು ಕೂಡುವುದರಿಂದ, ಸೂತ್ರವು ಲೆಕ್ಕದಲ್ಲಿ ಸರಿಯಾಗಿದ್ದರೂ, ಚಕ್ರವು ನಿಂತಂತೆ ತೋರುತ್ತದೆ. ಸ್ವಲ್ಪ ನಿಧಾನವಾದರೆ ಹಿಂದಕ್ಕೆ ತಿರುಗಿದಂತೆ ತೋರುತ್ತದೆ. ಫ್ರೇಮಿಗೆ ೭.೫ ಅಂಶಕ್ಕಿಂತ ಕಡಮೆಯಿದ್ದರೆ ಮಾತ್ರ, ಎಂದರೆ ಒಂದು ಸುತ್ತಿಗೆ ಎರಡು ಸೆಕೆಂಡಿಗಿಂತ ಹೆಚ್ಚು ಕಾಲ ಕೊಟ್ಟರೆ ಮಾತ್ರ, ದಿಕ್ಕು ನಿಜವಾಗಿ ಕಾಣುತ್ತದೆ.

೮. ಪಾಲಿಸಬೇಕಾದ ಕೆಲವು ನಿಯಮಗಳು

ಕಾರಣವೊಂದಕ್ಕೆ ಸೂತ್ರಧಾರನೊಬ್ಬನಿರಬೇಕು. ಗಾಳಿಗೆ ಒಂದು ಗಂಟು, ಬಿಚ್ಚುವ ಕ್ಷಣಕ್ಕೆ ಒಂದು, ಕ್ಯಾಮೆರಾದ ಅಲುಗಾಟಕ್ಕೆ ಒಂದು. ಎಲ್ಲವನ್ನೂ ಒಂದರಲ್ಲಿಯೇ ತುರುಕಿದರೆ ಗಾಳಿಯನ್ನು ತಿದ್ದಹೋದವನು ಕ್ಯಾಮೆರಾವನ್ನು ಕೆಡಿಸುತ್ತಾನೆ.

ಆಧಾರವು ಒಮ್ಮುಖವಾಗಿರಬೇಕು. ಮೊದಲ ಗಂಟು ಎರಡನೆಯದನ್ನು ನೋಡಿ, ಎರಡನೆಯದು ಮೊದಲನೆಯದನ್ನೇ ನೋಡಿದರೆ ಬೆಲೆಯು ಎಲ್ಲಿಯೂ ನಿಲ್ಲದೆ ತಂತ್ರಾಂಶವು ದೋಷವನ್ನು ಸಾರುತ್ತದೆ. ನೆರಳು ಧ್ವಜವನ್ನು ನೋಡಿ, ಪಕಳೆಯು ನೆರಳನ್ನು ನೋಡುವಂಥ ಸರಪಣಿಯೂ ಒಳ್ಳೆಯದಲ್ಲ. ನಡುವಣ ಕೊಂಡಿಯೊಂದನ್ನು ತೆಗೆದರೆ ಮುಂದಿನದೆಲ್ಲ ಕಳಚುತ್ತದೆ. ಬೆಂಗೇರಿಯಲ್ಲಿ ಎಲ್ಲರೂ ಮಾನಕವನ್ನೇ ನೋಡುವಂತೆ, ಎಲ್ಲ ಗಂಟುಗಳೂ ಸೂತ್ರಧಾರನನ್ನೇ ನೋಡಬೇಕು.

ಫ್ರೇಮಿನ ಸಂಖ್ಯೆಯನ್ನು ಸೂತ್ರದಲ್ಲಿ ಪೂರ್ಣಾಂಕಕ್ಕೆ ಕತ್ತರಿಸಬಾರದು. ವೇಗದ ಮಸುಕನ್ನು ತೋರಿಸಲು ತಂತ್ರಾಂಶವು ಒಂದು ಫ್ರೇಮಿನೊಳಗಣ ಹಲವು ಕ್ಷಣಗಳನ್ನು ಎಣಿಸುತ್ತದೆ. ಕತ್ತರಿಸಿದ ಸೂತ್ರಕ್ಕೆ ಆ ಕ್ಷಣಗಳೆಲ್ಲ ಒಂದೇ. ಬಟ್ಟೆಯು ಮಸುಕಾಗಿ ಅದಕ್ಕೆ ಕಟ್ಟಿದ ಭಾಗ ಮಾತ್ರ ಚೂಪಾಗಿ ಉಳಿದುಬಿಡುತ್ತದೆ.

ಕೆಲಸವನ್ನು ಬೇರೆಯವರಿಗೆ ಒಪ್ಪಿಸುವಾಗ ಸೂತ್ರಧಾರನನ್ನೂ ಜೊತೆಗೆ ಕಳಿಸಬೇಕು. ಕೆಲವೇ ಗಂಟುಗಳನ್ನು ಎತ್ತಿ ಬೇರೆ ಕಡತಕ್ಕೆ ಒಯ್ದರೆ ಸೂತ್ರವು ಯಾರನ್ನು ಕೇಳಬೇಕೋ ಅವನು ಅಲ್ಲಿರುವುದಿಲ್ಲ. ಹಾಗೆ ಒಯ್ಯುವುದು ಅನಿವಾರ್ಯವಾದರೆ ಸೂತ್ರಗಳನ್ನು ಪ್ರತಿ ಫ್ರೇಮಿನ ಅಂಕಿಗಳಾಗಿ ಸ್ಥಿರಪಡಿಸಿ ಕಳಿಸಬೇಕು; ಮೂಲಕಡತವನ್ನು ಸೂತ್ರಸಹಿತವಾಗಿ ಕಾದಿಡಬೇಕು.

೯. ಉಪಸಂಹಾರ

ಈ ವಿಚಾರವು ಕೇವಲ ಕಸಬಿನ ಸೌಕರ್ಯದ್ದೆಂದು ತಳ್ಳಿಹಾಕುವಂತಿಲ್ಲ. ಕರ್ನಾಟಕ ಸರ್ಕಾರವು ೨೦೧೨ರಲ್ಲಿ ಚಲನಚಿತ್ರಣ ಮತ್ತು ದೃಶ್ಯಪರಿಣಾಮಗಳ ಉದ್ಯಮಕ್ಕಾಗಿ ನೀತಿಯೊಂದನ್ನು ಪ್ರಕಟಿಸಿತು. ಇಂಥ ಕೆಲಸವನ್ನು ಜೀವನೋಪಾಯವಾಗಿ ಉಳ್ಳ ತರುಣರು ನಾಡಿನಲ್ಲಿ ಅನೇಕರಿದ್ದಾರೆ. ಕಡೆಯ ಗಳಿಗೆಯ ತಿದ್ದುಪಡಿಯೊಂದು ಅವರಿಗೆ ಅರೆಗಳಿಗೆಯ ಕೆಲಸವಾಗುವುದೋ ರಾತ್ರಿಯೆಲ್ಲ ನಿದ್ದೆಗೆಡುವ ಕೆಲಸವಾಗುವುದೋ ಎಂಬುದು ಗಂಟುಗಳನ್ನು ಮೊದಲು ಕಟ್ಟಿದ ಬಗೆಯನ್ನೇ ಅವಲಂಬಿಸಿದೆ.

ಧ್ವಜದ ವಿಷಯದಲ್ಲಿ ಮತ್ತೊಂದು ಹೊಣೆಯೂ ಇದೆ. ೨೦೦೨ರಲ್ಲಿ ಜಾರಿಗೆ ಬಂದ ಧ್ವಜಸಂಹಿತೆಯು ಕೈಯಿಂದ ನೂತು ನೇಯ್ದ ಬಟ್ಟೆಯ ಧ್ವಜವನ್ನೇ ವಿಧಿಸಿತ್ತು. ೨೦೨೧ರ ಡಿಸೆಂಬರ್ ೩೦ರ ತಿದ್ದುಪಡಿಯು ಯಂತ್ರದಿಂದ ಮಾಡಿದ ಧ್ವಜಗಳಿಗೂ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿಯನ್ನಿತ್ತಿತು. ಇದರಿಂದ ಖಾದಿಯನ್ನೇ ನಂಬಿದ ಬೆಂಗೇರಿಯ ಕೆಲಸಗಾರರಲ್ಲಿ ಆತಂಕವು ಹುಟ್ಟಿತು. ಹಗುರವಾದ ಬಟ್ಟೆಯು ಅಲ್ಪ ಗಾಳಿಗೂ ಪಟಪಟನೆ ಬಡಿದುಕೊಳ್ಳುತ್ತದೆ. ದಪ್ಪ ನೂಲಿನ ಖಾದಿಯು ಗಾಳಿಯನ್ನು ತುಂಬಿಕೊಂಡು ನಿಧಾನವಾಗಿ ಏಳುತ್ತದೆ. ತೆರೆಯ ಮೇಲೆ ಈ ವ್ಯತ್ಯಾಸವನ್ನು ನಿರ್ಣಯಿಸುವುದು ಸೂತ್ರಧಾರ ಗಂಟಿನಲ್ಲಿರುವ ಎರಡು ಮೂರು ಬೆಲೆಗಳೇ: ಅಲೆಯ ವೇಗ, ಅದರ ಎತ್ತರ, ಅದರ ಉದ್ದ. ಅವನ್ನು ಬಟ್ಟೆಯನ್ನು ಕಂಡು ಬಲ್ಲವನು ಗೊತ್ತುಪಡಿಸಿದರೆ, ಚಕ್ರವೂ ನೆರಳೂ ಹೊಳಪೂ ಅವನ್ನನುಸರಿಸಿ ಖಾದಿಯ ನಡೆಯನ್ನೇ ನಡೆಯುತ್ತವೆ. ಅಂಕಿಗಳನ್ನು ಗಂಟುಗಂಟಿಗೂ ಬೇರೆಯಾಗಿ ಊಹಿಸಿದರೆ, ನೂತವರ, ನೇಯ್ದವರ, ಹೊಲಿದವರ ಶ್ರಮದಿಂದ ಒಂದಾದ ವಸ್ತುವು ತೆರೆಯ ಮೇಲೆ ಮತ್ತೆ ಬಿಡಿಭಾಗಗಳಾಗಿ ಒಡೆದು ತೋರುತ್ತದೆ.